ಬೋರ್ಡಿನ ಮೇಲಿನ ಖಾಲಿ ಗೆರೆ ತುಂಬಿಸಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಅಪ್ಪನನ್ನು ಡಾಕ್ಟರಿಗೆ ತೋರಿಸಲು ರಾಯಚೂರಿಗೆ ಕರೆದುಕೊಂಡು ಹೊರಟಿದ್ದೆ. ಅಪ್ಪನಿಗೆ ದಮ್ಮು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ 22 ವರ್ಷ ದುಡಿದ ಎದೆ ಅದು, ಜೀವಮಾನದಲ್ಲಿ ಒಂದು ಬೀಡಿ ಸೇದಿದವರಲ್ಲ. ನಮ್ಮ ಜಿಲ್ಲೆಯ ಒಂದು ಬಸ್ ನಿಲ್ದಾಣದಲ್ಲಿ ಫ್ಯಾನಿನ ಕೆಳಗೆ ಜಾಗ ಸಿಕ್ಕಿತಲ್ಲ ಅಂತ ಕೂತೆವು. ಪಕ್ಕದ ಬೆಂಚಿನವರೊಬ್ಬರು ಬೀಡಿ ಹಚ್ಚಿದರು. ಫ್ಯಾನಿನ ಗಾಳಿಗೆ ಹೊಗೆಯೆಲ್ಲ ನಮ್ಮ ಕಡೆಗೇ ಬಂತು.

"ಅಣ್ಣಾ, ನಮ್ಮಪ್ಪಗ ದಮ್ಮು ಐತ್ರಿ, ಸ್ವಲ್ಪ ಹೊರಗ ಹೋಗಿ ಸೇದ್ರಿ" ಅಂದೆ.

"ಇದು ಹೊರಗೇ ಅಲ್ಲೇನವಾ, ಇಲ್ಲಿ ಗ್ವಾಡಿ ಎಲ್ಲೈತಿ?" ಅಂದರು.

ಜಗಳದ ದನಿ ಇರಲಿಲ್ಲ, ಅವರು ನಿಜಕ್ಕೂ ಹಾಗೇ ನಂಬಿದ್ದರು. ಅಷ್ಟರಲ್ಲಿ ಅಪ್ಪ ಜೇಬಿನಿಂದ ಪಂಪ್ ತೆಗೆದು ಎರಡು ಸಲ ಒತ್ತಿಕೊಂಡರು, ಮೂರನೇ ಸಲ ಒತ್ತುವಾಗ ಕೈ ನಡುಗುತ್ತಿತ್ತು. ಕೊನೆಗೆ ನಾವೇ ಎದ್ದು ಬಿಸಿಲಿಗೆ ಹೋಗಿ ನಿಂತೆವು. ನಮ್ಮ ಕಡೆಯ ಬಿಸಿಲು ಎಂಥದ್ದು ಅಂತ ನಿಮ್ಮ ಓದುಗರಿಗೆ ನಾನು ಹೇಳಬೇಕಿಲ್ಲ.

ಅಲ್ಲಿ ನಿಂತಾಗಲೇ ಕಂಬದ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು. "ಇಲ್ಲಿ ಧೂಮಪಾನ ಮಾಡುವುದು ಅಪರಾಧ" ಅಂತ ಇತ್ತು, ದಂಡ 200 ರೂಪಾಯಿ ಅಂತ ಇತ್ತು, ಅರ್ಧ ಭಾಗದ ಮೇಲೆ ಯಾವುದೋ ಕೋಚಿಂಗ್ ಕ್ಲಾಸಿನ ಪೋಸ್ಟರ್ ಅಂಟಿಸಿದ್ದರು. ಕೆಳಗೆ "ದೂರು ನೀಡಬೇಕಾದ ಅಧಿಕಾರಿ" ಅಂತ ಬರೆದು ಮುಂದೆ ಬರೀ ಚುಕ್ಕಿ. "ಫೋನ್" ಅಂತ ಬರೆದು ಅಲ್ಲೂ ಚುಕ್ಕಿ. ಬೋರ್ಡು ತೂಗುಹಾಕಿದ ದಿನದಿಂದ ಆ ಗೆರೆಯ ಮೇಲೆ ಯಾರೂ ಪೆನ್ನು ಮುಟ್ಟಿಸಿಲ್ಲ. ವಿಚಾರಣೆ ಕೌಂಟರಿನಲ್ಲಿ ಕೇಳಿದರೆ "ಅದು ನಮಗ ಬರಂಗಿಲ್ರಿ, ಪೊಲೀಸರಿಗೆ ಹೇಳ್ರಿ" ಅಂದರು. ದಮ್ಮು ಹಿಡಿದ ಮುದುಕರನ್ನು ಬಿಸಿಲಲ್ಲಿ ಬಿಟ್ಟು ನಾನು ಪೊಲೀಸರನ್ನು ಹುಡುಕಿಕೊಂಡು ಹೋಗಬೇಕಿತ್ತಾ?

ಮನೆಗೆ ಬಂದ ಮೇಲೆ ಕಾನೂನು ಏನು ಹೇಳುತ್ತದೆ ಅಂತ ಕೂತು ಓದಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸಿದೆ. ಬಯಲು ಜಾಗಕ್ಕೆ ಅದು ಅನ್ವಯಿಸುವುದಿಲ್ಲ, ಆ ಬೆಂಚಿನ ಅಣ್ಣ ಹೇಳಿದ್ದೂ ಅದನ್ನೇ. ಆದರೆ 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ, ಸ್ಟೇಡಿಯಂ ಇಂಥವನ್ನು ಬಯಲು ಅಂತ ಲೆಕ್ಕ ಹಿಡಿಯುವಂತಿಲ್ಲ ಅಂತ ಸ್ಪಷ್ಟವಾಗಿದೆ. ಗೋಡೆ ಇರಲಿ ಬಿಡಲಿ, ಅಲ್ಲಿ ಸೇದುವಂತಿಲ್ಲ. ಈ ಒಂದು ಮಾತು ನಮ್ಮ ಜನರಿಗೆ ಯಾರೂ ಹೇಳೇ ಇಲ್ಲ ಅಲ್ವಾ?

ಯಾರಿಗೆ ದೂರು ಕೊಡಬೇಕು ಅನ್ನುವ ಹೆಸರನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅಂತಲೂ ಅದೇ ನಿಯಮಗಳು ಹೇಳುತ್ತವೆ. ದೂರು ಬಂದರೂ ಆ ಜಾಗ ನೋಡಿಕೊಳ್ಳುವವರು ಸುಮ್ನೆ ಕೂತರೆ ಎಷ್ಟು ಜನ ಸೇದಿದರೋ ಅಷ್ಟು ದಂಡ ಅವರ ಮೇಲೆ ಬೀಳುತ್ತದೆ. ಹಾಗಾದರೆ ಆ ಗೆರೆ ಯಾಕೆ ಖಾಲಿ ಉಳಿಯುತ್ತದೆ? ಹೆಸರು ಬರೆದರೆ ಯಾರೋ ಒಬ್ಬರು ಜವಾಬ್ದಾರರಾಗಬೇಕಾಗುತ್ತದೆ, ಅದಕ್ಕೇ ಅಂತ ನನಗೆ ಅನಿಸುತ್ತದೆ.

ನಮ್ಮ ರಾಜ್ಯ ಈ ಕಾಯ್ದೆಗೆ ತಿದ್ದುಪಡಿ ತಂದಿದೆ. 2025ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ದಂಡ 1,000 ರೂಪಾಯಿವರೆಗೆ ಏರಿತು, 21 ವರ್ಷದೊಳಗಿನವರಿಗೆ ಸಿಗರೇಟ್ ಮಾರುವಂತಿಲ್ಲ, ಬಿಡಿ ಸಿಗರೇಟ್ ಮಾರುವಂತಿಲ್ಲ. ಆದರೂ ನಿಲ್ದಾಣದ ಬಾಗಿಲಲ್ಲೇ ಇರುವ ಪಾನ್ ಅಂಗಡಿಯಲ್ಲಿ ಒಂದೊಂದೇ ಸಿಗರೇಟ್ ಸಿಗುತ್ತದೆ, ಲೈಟರನ್ನು ದಾರ ಕಟ್ಟಿ ಇಳಿಬಿಟ್ಟಿರುತ್ತಾರೆ. ಒಂದೇ ಸಿಗರೇಟ್ ಕೊಂಡವರಿಗೆ ಪ್ಯಾಕಿನ ಮೇಲಿನ ಆ ಭಯಂಕರ ಚಿತ್ರವೂ ಕಾಣುವುದಿಲ್ಲ, ಬಿಡಬೇಕು ಅನ್ನುವವರಿಗಾಗಿ ಅಲ್ಲೇ ಅಚ್ಚು ಹಾಕಿರುವ 1800-11-2356 ನಂಬರೂ ಕಾಣುವುದಿಲ್ಲ. ಸೇದುವವರ ಮೇಲೆ ನನಗೆ ಸಿಟ್ಟಿಲ್ಲ. ಚಟ ಬಿಡೋದು ಎಷ್ಟು ಕಷ್ಟ ಅಂತ ನಮ್ಮ ಸೋದರಮಾವನನ್ನು ನೋಡಿ ಗೊತ್ತು, ಮೂರು ಸಲ ಬಿಟ್ಟು ಮೂರು ಸಲ ಹಿಡಿದವರು. ನಾನು ಕೇಳುವುದು ಇನ್ನೊಬ್ಬರ ಉಸಿರಿನ ಬಗ್ಗೆ ಮಾತ್ರ.

ಇನ್ನೊಂದು ಮಾತು ಈಗಲೇ ಹೇಳಬೇಕು, ಆಮೇಲೆ ಹೇಳಿದರೆ ಉಪಯೋಗ ಇಲ್ಲ. ರಾಯಚೂರು ಹತ್ತಿರದ ಯರಮರಸ್‌ನಲ್ಲಿ ನಮಗೂ ಒಂದು ವಿಮಾನ ನಿಲ್ದಾಣ ಬರಲಿದೆ, ತುಂಬ ಸಂತೋಷ. ಕಾಯ್ದೆ ಪ್ರಕಾರ ವಿಮಾನ ನಿಲ್ದಾಣದಲ್ಲಿ ಸೇದುವವರಿಗೆ ಬೇರೆ ಕೋಣೆ ಮಾಡಬಹುದು. ಮಾಡಬಹುದು ಅಷ್ಟೇ, ಮಾಡಲೇಬೇಕು ಅಂತ ಎಲ್ಲೂ ಇಲ್ಲ. ಆ ಕೋಣೆಗೆ ನಾಲ್ಕೂ ಕಡೆ ಪೂರ್ತಿ ಗೋಡೆ ಇರಬೇಕು, ಬಾಗಿಲು ತಾನೇ ಮುಚ್ಚಿಕೊಳ್ಳಬೇಕು, ಹೊಗೆ ಸೀದಾ ಹೊರಗೆ ಹೋಗಬೇಕು. ಓದಲಿಕ್ಕೆ ಚೆನ್ನಾಗಿದೆ. ಎರಡು ವರ್ಷದ ಹಿಂದೆ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಅಂಥ ಕೋಣೆಯ ಎದುರು ಒಂದು ತಾಸು ಕೂತಿದ್ದೆ. ಬಾಗಿಲು ಮುಚ್ಚುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು, ಹೀಗಾಗಿ ಅದು ತೆರೆದೇ ಇದ್ದ ಹಾಗಿತ್ತು. ಪ್ರತಿ ಸಲವೂ ಹೊಗೆಯ ನಾತ ನಮ್ಮ ಕುರ್ಚಿಗಳವರೆಗೆ ಬರುತ್ತಿತ್ತು. ನಡುವೆ ಕಸ ಗುಡಿಸುವ ಹೆಣ್ಣುಮಗಳೊಬ್ಬಳು ಬಕೆಟ್ ಹಿಡಿದು ಒಳಗೆ ಹೋದಳು. ಹತ್ತು ಹನ್ನೆರಡು ಜನ ಸೇದುತ್ತಿರುವಾಗಲೇ ಬೂದಿ ಬಳಿದು, ನೆಲ ಒರೆಸಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಸೇದುವವರು ಐದು ನಿಮಿಷಕ್ಕೆ ಹೋಗಿಬಿಡುತ್ತಾರೆ, ಆಕೆ ದಿನಕ್ಕೆ ಎಷ್ಟು ಸಲ ಒಳಗೆ ಹೋಗಬೇಕೋ.

ಅಮೆರಿಕದ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಗಾಳಿ ಅಳೆದು 2012ರಲ್ಲಿ ವರದಿ ಕೊಟ್ಟಿತ್ತು. ಸೇದುವ ಕೋಣೆಗಳ ಹೊರಗಿನ ಗಾಳಿ ಕೂಡ, ಪೂರ್ತಿ ಹೊಗೆಮುಕ್ತ ನಿಲ್ದಾಣಗಳ ಗಾಳಿಗಿಂತ ಐದು ಪಟ್ಟು ಕೆಟ್ಟಿತ್ತು. ಅಷ್ಟು ದುಡ್ಡು ಖರ್ಚು ಮಾಡಿದಲ್ಲೇ ಹೀಗಾದರೆ ನಮ್ಮಲ್ಲಿ ಎಕ್ಸಾಸ್ಟ್ ಫ್ಯಾನ್ ಕೆಟ್ಟರೆ ರಿಪೇರಿಗೆ ಎಷ್ಟು ತಿಂಗಳು ಬೇಕಾಗುತ್ತದೋ ಊಹಿಸಿ. ಹಾಗಾಗಿ ಯರಮರಸ್‌ನ ನಕ್ಷೆಯಲ್ಲಿ ಆ ಕೋಣೆಯೇ ಬೇಡ. ಆ ಜಾಗದಲ್ಲಿ ತಾಯಂದಿರು ಮಗುವಿಗೆ ಹಾಲುಣಿಸಲು ಒಂದು ಕೋಣೆ ಮಾಡಲಿ.

ವಿಮಾನಕ್ಕೆ ಇನ್ನೂ ಟೈಮ್ ಇದೆ. ಬಸ್ಸು ಮಾತ್ರ ದಿನಾ ಓಡುತ್ತದೆ, ಅದರಲ್ಲಿ ಬಾಣಂತಿಯರು, ಕೂಸುಗಳು, ನಮ್ಮಪ್ಪನಂಥವರು ದಿನಾ ಓಡಾಡುತ್ತಾರೆ. ಅದಕ್ಕೇ ಜಿಲ್ಲಾಡಳಿತಕ್ಕೆ ಮತ್ತು ಸಾರಿಗೆ ಅಧಿಕಾರಿಗಳಿಗೆ ನಿಮ್ಮ ಪತ್ರಿಕೆ ಮೂಲಕ ಕೇಳಿಕೊಳ್ಳುತ್ತೇನೆ: ಪ್ರತಿ ನಿಲ್ದಾಣದಲ್ಲಿ ಆ ಪೋಸ್ಟರ್ ಕೀಳಿಸಿ, ಹಳೆಯ 200 ತಿದ್ದಿಸಿ, ಒಬ್ಬರ ಹೆಸರು ಮತ್ತು ಫೋನ್ ಎತ್ತುವವರ ಒಂದು ನಂಬರ್ ಬರೆಸಿ. ಬಸ್ಸಿನ ಹೆಸರು ಕೂಗುವ ಮೈಕಿನಲ್ಲಿ ಗಂಟೆಗೊಮ್ಮೆ "ಇಲ್ಲಿ ಬೀಡಿ, ಸಿಗರೇಟ್ ಸೇದುವಂತಿಲ್ಲ" ಅಂತ ಹೇಳಿಸಿ, ಅದಕ್ಕೆ ಖರ್ಚೇನೂ ಇಲ್ಲ.

ಬರುವ ತಿಂಗಳು ಅಪ್ಪನನ್ನು ಮತ್ತೆ ತೋರಿಸಬೇಕು. ಅದೇ ನಿಲ್ದಾಣ, ಅದೇ ಹತ್ತೂವರೆ ಬಸ್ಸು. ಅಷ್ಟರೊಳಗೆ ಆ ನಂಬರ್ ಬಂದಿರಲಿ.

ಇಂತಿ,
ಓದುಗಳು, ರಾಯಚೂರು ಜಿಲ್ಲೆ