ಹಳ್ಳಿಯ ಕೊನೆಯ ಬಸ್ಸು ತಪ್ಪುವುದು ಗೊರಗುಂಟೆಪಾಳ್ಯದಲ್ಲಿ

ಮಾನ್ಯ ಸಂಪಾದಕರೇ,

ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಸಂಜೆಯ ಬಸ್ಸು ಸಮಯಕ್ಕೆ ಬರುವುದಿಲ್ಲ, ಕೆಲವು ದಿನ ಬರುವುದೇ ಇಲ್ಲ ಎಂಬ ದೂರುಗಳನ್ನು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಆಗಾಗ ಓದುತ್ತಿರುತ್ತೇನೆ. ದೂರು ನಿಜ. ಆದರೆ ಬಹುತೇಕ ಪತ್ರಗಳು ಚಾಲಕ, ನಿರ್ವಾಹಕರ ಉದಾಸೀನವನ್ನು ಹಳಿಯುವುದರಲ್ಲಿ ಅಥವಾ ‘ಹೆಚ್ಚು ಬಸ್ ಬಿಡಿ’ ಎಂಬ ಒಂದೇ ಬೇಡಿಕೆಯಲ್ಲಿ ಮುಗಿದುಬಿಡುತ್ತವೆ. ಸಾರಿಗೆಯ ಸಂಚಾರ ಶಾಖೆಯಲ್ಲಿ ಷೆಡ್ಯೂಲ್ ತಯಾರಿಸುವ ಮೇಜಿನ ಬಳಿ ಬಹುಕಾಲ ಕುಳಿತು ನಿವೃತ್ತನಾದವನಾಗಿ, ಆ ಮೇಜಿನ ಮೇಲೆ ನಡೆಯುವ ಲೆಕ್ಕಾಚಾರವನ್ನು ಓದುಗರ ಮುಂದಿಡುವುದು ಉಪಯುಕ್ತವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಒಂದು ಬಸ್ಸು ಡಿಪೋದಿಂದ ಹೊರಬೀಳುವಾಗ ಅದರೊಂದಿಗೆ ಫಾರಂ-4 ಎಂಬ ಹಾಳೆಯೂ ಹೊರಡುತ್ತದೆ. ಯಾವ ಟ್ರಿಪ್ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಗಂಟೆಗೆ ತಲುಪಬೇಕು, ಎಷ್ಟು ಕಿಲೋಮೀಟರ್, ಎಲ್ಲಿ ವಿಶ್ರಾಂತಿ, ರಾತ್ರಿ ಎಲ್ಲಿ ತಂಗಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಪ್ರಯಾಣಿಕರು ತಮ್ಮ ಊರಿನ ಬಸ್ಸು ತಮ್ಮ ಊರಿಗಾಗಿಯೇ ಇರುವುದೆಂದು ತಿಳಿದಿರುತ್ತಾರೆ. ಅದೇ ಬಸ್ಸು ಮಧ್ಯಾಹ್ನ ಬೆಂಗಳೂರಿನ ಮೆಜೆಸ್ಟಿಕ್‌ಗೆ ಹೋಗಿ ಬಂದು, ಆಮೇಲೆ ಹಳ್ಳಿಯ ಟ್ರಿಪ್ ಮಾಡಿ, ಅಲ್ಲೇ ರಾತ್ರಿ ತಂಗಿ, ಮುಂಜಾನೆ ವಿದ್ಯಾರ್ಥಿಗಳನ್ನು ಪಟ್ಟಣಕ್ಕೆ ಕರೆತರುವಂತೆ ಜೋಡಣೆಯಾಗಿರಬಹುದೆಂಬುದು ಅವರಿಗೆ ತಿಳಿದಿರುವುದಿಲ್ಲ. ಇರುವ ಬಸ್ಸು, ಇರುವ ಸಿಬ್ಬಂದಿಯಲ್ಲಿ ಎಲ್ಲೂ ವ್ಯರ್ಥವಾಗದಂತೆ ಈ ತುಂಡುಗಳನ್ನು ಹೊಂದಿಸುವುದೇ ಷೆಡ್ಯೂಲ್ ಮಾಡುವವನ ಜಾಣತನ. ತೊಂದರೆ ಹುಟ್ಟುವುದೂ ಆ ಜಾಣತನದಿಂದಲೇ.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಮಧ್ಯಾಹ್ನ 1 ಗಂಟೆಗೆ ತುಮಕೂರು ಬಿಟ್ಟ ಬಸ್ಸು 3ಕ್ಕೆ ಮೆಜೆಸ್ಟಿಕ್ ತಲುಪಿ, 3.15ಕ್ಕೆ ಹೊರಟು 5.15ಕ್ಕೆ ವಾಪಸಾಗಬೇಕು. 5.30ಕ್ಕೆ ಗುಬ್ಬಿ ಕಡೆಯ ಒಂದು ಹಳ್ಳಿಗೆ ಹೋಗಿ 7.15ಕ್ಕೆ ಮರಳಿ, 7.30ಕ್ಕೆ ಮತ್ತೆ ಹೊರಟು 8.30ಕ್ಕೆ ಇನ್ನೊಂದು ಹಳ್ಳಿಯಲ್ಲಿ ತಂಗಬೇಕು. ಬೆಳಿಗ್ಗೆ 6ಕ್ಕೆ ಅಲ್ಲಿಂದ ಮೊದಲ ಟ್ರಿಪ್. ಕಾಗದದ ಮೇಲೆ ಇದರಲ್ಲಿ ಹುಳುಕಿಲ್ಲ. ಈಗ ಬೆಂಗಳೂರಿನ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್‌ಗಳ ದಟ್ಟಣೆಯಿಂದ ಹೋಗುವಾಗ 25 ನಿಮಿಷ, ಬರುವಾಗ 25 ನಿಮಿಷ ತಡವಾಯಿತೆನ್ನಿ. ತುಮಕೂರು ತಲುಪುವುದು 6.05ಕ್ಕೆ. ಚಾಲಕ ಒಂದು ಲೋಟ ಚಹಾ ಕುಡಿದು 6.20ಕ್ಕೆ ಹೊರಟರೆ, ಕಾಲೇಜು ಮುಗಿಸಿ 5.30ರ ಬಸ್ಸಿಗೆ ಕಾದಿದ್ದ ಮಕ್ಕಳಲ್ಲಿ ಅರ್ಧ ಜನ ಅಷ್ಟು ಹೊತ್ತಿಗೆ ಆಟೊ ಹಿಡಿದಿರುತ್ತಾರೆ. ಹಳ್ಳಿಯಲ್ಲಿ ತಂಗುವುದು 9.20ಕ್ಕೆ. ಅಲ್ಲಿಂದ ಬೆಳಗಿನ 6ರವರೆಗೆ ಉಳಿಯುವುದು 8 ಗಂಟೆ 40 ನಿಮಿಷ.

ಇಲ್ಲಿ ಕಾನೂನಿನ ಮಾತು ಬರುತ್ತದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ 8, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವುದರ ನಡುವೆ ಎಡೆಬಿಡದ 9 ಗಂಟೆ ವಿಶ್ರಾಂತಿ ಇರಬೇಕಿತ್ತು. ಮೇಲಿನ ಷೆಡ್ಯೂಲ್ ಬರೆದ ದಿನ ಈ ನಿಯಮಗಳನ್ನು ಪಾಲಿಸಿಯೇ ಬರೆದದ್ದು. ರಸ್ತೆಯಲ್ಲಿ ಕಳೆದ 50 ನಿಮಿಷ ಅದನ್ನು ಮುರಿಯುತ್ತದೆ. ನಿಲ್ದಾಣದ ಸಂಚಾರ ನಿಯಂತ್ರಕರ ಮುಂದೆ ಆಗ ಇರುವ ದಾರಿಗಳು ಎರಡೇ: ತಡವಾಗಿಯಾದರೂ ಎಲ್ಲ ಟ್ರಿಪ್ ಓಡಿಸಿ ಚಾಲಕನ ನಿದ್ದೆ ಕಸಿಯುವುದು, ಇಲ್ಲವೇ 5.30ರ ಟ್ರಿಪ್ ರದ್ದುಮಾಡಿ ಬಸ್ಸನ್ನು 7.30ಕ್ಕೆ ನೇರವಾಗಿ ತಂಗುವ ಊರಿಗೆ ಕಳಿಸುವುದು. ಎರಡನೆಯದನ್ನೇ ಆರಿಸಿದರೆ ನಾನು ಅವರನ್ನು ತಪ್ಪುಗಾರರೆನ್ನಲಾರೆ. ನಿದ್ದೆಗೆಟ್ಟ ಚಾಲಕನ ಕೈಗೆ ಬೆಳಗಿನ ಮಂಜಿನಲ್ಲಿ ಐವತ್ತು ಮಕ್ಕಳನ್ನು ಒಪ್ಪಿಸುವುದಕ್ಕಿಂತ ಅದೇ ಮೇಲು. ಆದರೆ ಬೆಂಗಳೂರಿನ ದಟ್ಟಣೆಯ ದಂಡವನ್ನು ಗುಬ್ಬಿ, ಕೊರಟಗೆರೆ, ತುರುವೇಕೆರೆ ಕಡೆಯ ಹಳ್ಳಿಗಳವರು ತೆರಬೇಕಾಗಿರುವುದು ಹೀಗೆ ಎಂಬುದನ್ನು ಗಮನಿಸಬೇಕು.

ಈ 25 ನಿಮಿಷ ಯಾವುದೋ ಒಂದು ದಿನದ ಆಕಸ್ಮಿಕವಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಇದೇ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯಲ್ಲಿ ದೋಷ ಕಂಡುಬಂದು 2021ರ ಡಿಸೆಂಬರ್‌ನಲ್ಲಿ ಸಂಚಾರ ನಿಲ್ಲಿಸಿದ ಮೇಲೆ, ಲಘು ವಾಹನಗಳಿಗೆ ಬೇಗನೆ ಅನುಮತಿ ಸಿಕ್ಕರೂ ಬಸ್, ಲಾರಿಗಳು 2024ರ ಜುಲೈವರೆಗೆ ಕೆಳಗಿನ ರಸ್ತೆಯಲ್ಲೇ ತೆವಳಬೇಕಾಯಿತು. ಎರಡೂವರೆ ವರ್ಷ ನಿತ್ಯ ನಡೆದದ್ದನ್ನು ಆಕಸ್ಮಿಕವೆನ್ನಲಾಗದು. ಇನ್ನೊಂದು ಬದಲಾವಣೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಬಂತು. ಅದನ್ನು ನಾನು ದೂರುತ್ತಿಲ್ಲ. ಹೊಲ, ಮನೆ ಬಿಟ್ಟು ಆಸ್ಪತ್ರೆಗೂ ಕಾಲೇಜಿಗೂ ಹೆಣ್ಣುಮಕ್ಕಳು ಧೈರ್ಯವಾಗಿ ಹೊರಡುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ಹತ್ತುವವರು ಹೆಚ್ಚಾದಾಗ, ಪ್ರತಿಯೊಬ್ಬ ಮಹಿಳೆಗೂ ಶೂನ್ಯ ದರದ ಟಿಕೆಟ್ ಹರಿದುಕೊಡಬೇಕಾದಾಗ, ಪ್ರತಿ ನಿಲುಗಡೆಯಲ್ಲೂ ಬಸ್ಸು ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ನಿಲುಗಡೆಗೆ ಅರ್ಧ ನಿಮಿಷವೆಂದರೂ ಇಪ್ಪತ್ತು ನಿಲುಗಡೆಗೆ 10 ನಿಮಿಷ. ಈ ಹೊತ್ತಿಗೆ ಷೆಡ್ಯೂಲ್‌ನಲ್ಲಿ ಜಾಗವಿರದಿದ್ದರೆ ನಿರ್ವಾಹಕ ‘ಹಿಂದೆ ಬಸ್ ಬರ್ತಿದೆ’ ಎಂದು ಕೂಗಿ ರೈಟ್ ಹೇಳುವುದು ಅನಿವಾರ್ಯವಾಗುತ್ತದೆ, ಬೈಗುಳ ಅವನ ಪಾಲಿಗೆ ಬರುತ್ತದೆ.

ಆದ್ದರಿಂದ ಮೊದಲು ಆಗಬೇಕಾದದ್ದು ರನ್ನಿಂಗ್ ಟೈಮ್‌ನ, ಅಂದರೆ ಒಂದು ಟ್ರಿಪ್ ಓಡಲು ಷೆಡ್ಯೂಲ್‌ನಲ್ಲಿ ಕೊಡುವ ಸಮಯದ ಮರುಅಳತೆ. ಇದಕ್ಕೆ ಹೊಸ ಸಮೀಕ್ಷೆಯಾಗಲಿ, ಸಲಹೆಗಾರರ ತಂಡವಾಗಲಿ ಬೇಕಿಲ್ಲ. ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರ ಪ್ರತಿ ಟಿಕೆಟ್‌ನ ಮೇಲೂ ಹಂತ (ದರ ಲೆಕ್ಕಹಾಕುವ ನಿಲುಗಡೆ) ಮತ್ತು ಸಮಯವನ್ನು ದಾಖಲಿಸುತ್ತದೆ. ಒಂದು ತಿಂಗಳ ದಾಖಲೆ ತೆಗೆದು ನೋಡಿದರೆ ಸೋಮವಾರ ಬೆಳಿಗ್ಗೆ 8ಕ್ಕೆ ಹೊರಟ ಬಸ್ಸು ಯಾವ ಹಂತಕ್ಕೆ ಎಷ್ಟು ಹೊತ್ತಿಗೆ ಬಂದಿತ್ತೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಮುಂಜಾನೆ 5ರ ಬಸ್ಸಿಗೂ 8ರ ಬಸ್ಸಿಗೂ ಒಂದೇ ರನ್ನಿಂಗ್ ಟೈಮ್ ಕೊಡುವ ಪರಿಪಾಠವಿದ್ದರೆ ಅದು ಅಂದಿಗೇ ಕೊನೆಯಾಗಬೇಕು.

ಇದಕ್ಕೆ ಅಧಿಕಾರಿಗಳ ಉತ್ತರವೂ ನನಗೆ ಗೊತ್ತಿದೆ: ಸಮಯ ಹೆಚ್ಚಿಸಿದರೆ ಬಸ್ಸು ಹೆಚ್ಚು ಬೇಕಾಗುತ್ತದೆ. ಮಾತು ನಿಜ. ಹೋಗಲು 2, ಬರಲು 2 ಗಂಟೆ, ಎರಡೂ ಕಡೆ 15 ನಿಮಿಷದ ಬಿಡುವು ಸೇರಿ ಒಂದು ಸುತ್ತಿಗೆ ನಾಲ್ಕೂವರೆ ಗಂಟೆಯೆಂದರೆ, 15 ನಿಮಿಷಕ್ಕೊಂದು ಬಸ್ ಬಿಡಲು 18 ಬಸ್ಸು ಸಾಕು. ಸುತ್ತು 5 ಗಂಟೆ 20 ನಿಮಿಷಕ್ಕೆ ಹೋದರೆ 22 ಬೇಕು. ಆದರೆ ಅದೇ 18 ಬಸ್ಸನ್ನು 18 ನಿಮಿಷಕ್ಕೊಂದರಂತೆ ಬಿಟ್ಟರೆ ಹೆಚ್ಚುವರಿ ಒಂದು ಬಸ್ಸೂ ಬೇಕಾಗುವುದಿಲ್ಲ. ಬೆಂಗಳೂರಿಗೆ ಹೋಗುವವರು ಮೂರು ನಿಮಿಷ ಹೆಚ್ಚು ಕಾಯುತ್ತಾರೆ, ಅಷ್ಟೇ. ಈಗಲೂ 15 ನಿಮಿಷಕ್ಕೊಂದು ಎಂದು ಬರೆದ ಬಸ್ಸುಗಳು ಮೂರು ಒಟ್ಟಿಗೆ ಬಂದು, ಆಮೇಲೆ ಮುಕ್ಕಾಲು ಗಂಟೆ ಒಂದೂ ಬರದಿರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ ಬಸ್ಸಿಗೆ ನಿಲ್ಲುವವರಿಗೆ ಹೊಸದೇನಲ್ಲ.

ಎರಡನೆಯ ಕೆಲಸ, ಸಾಧ್ಯವಾದ ಕಡೆ ಹಳ್ಳಿಯ ಟ್ರಿಪ್‌ಗಳನ್ನು ಬೆಂಗಳೂರಿನ ಟ್ರಿಪ್‌ಗಳ ಬಾಲಕ್ಕೆ ಕಟ್ಟದಿರುವುದು. ರಾತ್ರಿ ತಂಗುವ ಬಸ್ಸುಗಳಿಗೆ ಮಧ್ಯಾಹ್ನದ ಪಾಳಿಯಲ್ಲಿ ಶಿರಾ, ತಿಪಟೂರು, ಕುಣಿಗಲ್‌ನಂಥ ಜಿಲ್ಲೆಯೊಳಗಿನ ಟ್ರಿಪ್‌ಗಳನ್ನೇ ಕೊಡಬಹುದು. ಕಿಲೋಮೀಟರ್‌ವಾರು ಗಳಿಕೆಯ ಪಟ್ಟಿಯಲ್ಲಿ ಇಂಥ ಷೆಡ್ಯೂಲ್ ಕೆಳಗೆ ಕಾಣಿಸುತ್ತದೆಂಬ ಅಳುಕು ಘಟಕ ವ್ಯವಸ್ಥಾಪಕರಿಗಿರುವುದು ಸಹಜ. ಮೇಲಿನವರು ಆ ಒಂದು ಅಂಕಿಯಿಂದಲೇ ಅವರನ್ನು ಅಳೆಯುವುದನ್ನು ಬಿಡಬೇಕು.

2024ರ ನವೆಂಬರ್‌ನಲ್ಲಿ ಬೆಂಗಳೂರಿನ ಮೆಟ್ರೊ ತುಮಕೂರು ರಸ್ತೆಯ ಮಾದಾವರದವರೆಗೆ ಬಂದ ಮೇಲೆ ತುಮಕೂರಿನ ಬಸ್ಸುಗಳನ್ನು ಅಲ್ಲಿಂದಲೇ ತಿರುಗಿಸಬಹುದೆಂದು ಕೆಲವರು ಹೇಳುತ್ತಾರೆ. ಎಲ್ಲ ಬಸ್ಸುಗಳಿಗೂ ಇದನ್ನು ಅನ್ವಯಿಸುವುದನ್ನು ನಾನು ಒಪ್ಪಲಾರೆ. ಪೀಣ್ಯದಲ್ಲಿ 2014ರಲ್ಲಿ ತೆರೆದ ಬಸವೇಶ್ವರ ಬಸ್ ನಿಲ್ದಾಣಕ್ಕೆ ಪ್ರಯಾಣಿಕರೇ ಹೋಗದಿದ್ದದ್ದು ನೆನಪಿರಲಿ; ಜೊತೆಗೆ ಮೆಜೆಸ್ಟಿಕ್‌ವರೆಗೆ ಉಚಿತವಾಗಿ ಹೋಗುತ್ತಿದ್ದ ಹೆಣ್ಣುಮಗಳು ಮಾದಾವರದಲ್ಲಿಳಿದು ಮೆಟ್ರೊಗೆ ದುಡ್ಡು ಕೊಡಬೇಕಾಗುತ್ತದೆ. ಆದರೆ ಮುಂದೆ ಹಳ್ಳಿಯ ಟ್ರಿಪ್ ಇರುವ ಬಸ್ಸುಗಳನ್ನಷ್ಟೇ, ಫಲಕದಲ್ಲಿ ಸ್ಪಷ್ಟವಾಗಿ ಬರೆದು, ಮಾದಾವರದಿಂದ ತಿರುಗಿಸಿ ನೋಡುವುದರಲ್ಲಿ ತಪ್ಪಿಲ್ಲ.

ಶಿವರಾತ್ರಿಯ ಸಿದ್ಧಗಂಗೆ ಜಾತ್ರೆಗೆ, ಸಮಾವೇಶಗಳಿಗೆ ಬಸ್ಸು ಒದಗಿಸುವಾಗ ಯಾವ ಟ್ರಿಪ್‌ಗಳು ಇರುವುದಿಲ್ಲವೆಂಬುದನ್ನು ಹಿಂದಿನ ದಿನವೇ ಆಯಾ ಗ್ರಾಮ ಪಂಚಾಯಿತಿಗೆ ತಿಳಿಸಿದರೂ ಅರ್ಧ ಸಿಟ್ಟು ಇಳಿಯುತ್ತದೆ. ಕಾಲೇಜುಗಳ ಹೊಸ ವರ್ಷ ಆರಂಭವಾಗುವ ಮುನ್ನ ರಾತ್ರಿ ತಂಗುವ ಷೆಡ್ಯೂಲ್‌ಗಳ ಫಾರಂ-4 ಅನ್ನಾದರೂ ಟಿಕೆಟ್ ಯಂತ್ರದ ದಾಖಲೆಯೊಂದಿಗೆ ಹೋಲಿಸಿ ತಿದ್ದಬೇಕೆಂದು, ಆ ಪರಿಶೀಲನೆಗೆ ಅದೇ ಮಾರ್ಗದಲ್ಲಿ ದುಡಿಯುವ ಚಾಲಕ, ನಿರ್ವಾಹಕರನ್ನೂ ಕರೆದು ಕೂರಿಸಿಕೊಳ್ಳಬೇಕೆಂದು ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಂಚಾರ ಶಾಖೆಯ ನಿವೃತ್ತ ನೌಕರ, ತುಮಕೂರು