ಹೆಬ್ಬೆರಳಿಗೆ ಸ್ವಲ್ಪ ರಜೆ ಕೊಡು

ಬದಿಯಡ್ಕ

ಚಿ| ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಅಡಿಕೆಗೆ ಎರಡನೇ ಮದ್ದು ಬಿಡಲು ಮಳೆ ಪುರುಸೊತ್ತು ಕೊಡುತ್ತಿಲ್ಲ ಎನ್ನುವುದೊಂದು ಬಿಟ್ಟರೆ ನಾವೆಲ್ಲ ಕ್ಷೇಮ. ದೀಪಾವಳಿ ಕಳೆದ ಮೇಲೆ ನೀನು ಜನಪದ ಗೀತೆಗಳ ತಿರುಗಾಟಕ್ಕೆ ಹೊರಡುವ ಸುದ್ದಿಯನ್ನು ಅಕ್ಕ ಫೋನು ಮಾಡಿ ಹೇಳಿದಳು. ಜೊತೆಯಲ್ಲಿ ಡಬಲ್ ಬೇಸ್ (ಆಳೆತ್ತರದ ಪಿಟೀಲಿನಂಥ ತಳಸ್ವರದ ವಾದ್ಯ) ನುಡಿಸುವವರು ಮದ್ರಾಸಿನ ಸ್ಟುಡಿಯೋಗಳಲ್ಲಿ ಕೂದಲು ಹಣ್ಣು ಮಾಡಿಕೊಂಡವರಂತೆ. ನಿನ್ನಮ್ಮನಿಗೆ ಮಗನ ಹೆಸರು ಪೋಸ್ಟರಿನಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ ಎಂಬ ಚಿಂತೆ. ನನ್ನ ಚಿಂತೆ ಬೇರೆ. ಅದು ನಿನ್ನ ಬಲಗೈ ಹೆಬ್ಬೆರಳಿನದು.

ವಿಷುವಿಗೆ ಬಂದಾಗ ಚಾವಡಿಯಲ್ಲಿ ಕೂತು ಗಿಟಾರು ನುಡಿಸಿದೆಯಲ್ಲ, ಆಗ ನಾನು ನಿನ್ನ ಕೈಯನ್ನೇ ನೋಡುತ್ತಿದ್ದೆ. ಹೆಬ್ಬೆರಳು ಆರನೇ ತಂತಿ, ನಾಲ್ಕನೇ ತಂತಿ, ಮತ್ತೆ ಆರು ಎಂದು ಒಂದು ಮಾತ್ರೆಯನ್ನೂ ಬಿಡದೆ ಮೀಟುತ್ತಿತ್ತು. ಉಳಿದ ಬೆರಳುಗಳು ಮೇಲೆ ಪದದ ಎಳೆ ಹಿಡಿದಿದ್ದವು. ಒಬ್ಬನೇ ನುಡಿಸುವವನಿಗೆ ಅದು ಬೇಕೇ ಬೇಕು, ಚಂದವೂ ಹೌದು. ಆದರೆ ಪಕ್ಕದಲ್ಲಿ ಬೇಸ್ ನಿಂತ ದಿನ ಆ ಹೆಬ್ಬೆರಳಿನ ಮುಕ್ಕಾಲು ಕೆಲಸ ನಿನ್ನದಲ್ಲ.

ಮಾಸ್ತರಿಕೆ ಬಿಟ್ಟು ವರ್ಷಗಳಾದರೂ ಲೆಕ್ಕ ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಕೇಳು. ನಿನ್ನ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಡಬಲ್ ಬೇಸಿನದು 41. ಬೇಸಿನ ನಾಲ್ಕು ತಂತಿಗಳೆಂದರೆ ನಿನ್ನ ದಪ್ಪ ನಾಲ್ಕು ತಂತಿಗಳೇ, ಒಂದು ಸ್ಥಾಯಿ ಕೆಳಗೆ. ಹಾಗಾಗಿ ಅವರ ತೆಳು ಎರಡು ತಂತಿಗಳು 73 ಮತ್ತು 98ರ ಹತ್ತಿರ ಬರುತ್ತವೆ. ನಿನ್ನ ಹೆಬ್ಬೆರಳು ಓಡಾಡುವ ಜಾಗವೂ ಅದೇ. ಎರಡು ವಾದ್ಯ ಅಲ್ಲಿ ಒಂದೇ ಸ್ವರ ಹಿಡಿದು ಒಂದು ಕೂದಲೆಳೆ ಆಚೀಚೆ ಆದರೂ ಗುಂಯ್ ಗುಂಯ್ ಎಂದು ತೂಗುತ್ತದೆ. ಕೇಳುವವನಿಗೆ ತಪ್ಪು ಯಾರದೆಂದು ತಿಳಿಯುವುದಿಲ್ಲ, ಹಾಡು ಕೆಸರಾಯಿತು ಎಂದಷ್ಟೇ ತಿಳಿಯುತ್ತದೆ. ಅದರ ಮೇಲೆ ನಿನಗೆ ಆರನೇ ತಂತಿಯನ್ನು ಇಳಿಸಿ ನುಡಿಸುವ ಚಟ ಬೇರೆ.

ಹೆಬ್ಬೆರಳನ್ನು ಕಟ್ಟಿ ಹಾಕು ಎನ್ನುತ್ತಿಲ್ಲ. ಬೇಸ್ ಸುಮ್ಮನಿರುವ ಕಡೆ, ಹಾಡಿನ ಎತ್ತುಗಡೆಯಲ್ಲಿ, ಸಾಲು ಮುಗಿದು ಉಸಿರು ತೆಗೆಯುವಲ್ಲಿ ಮೀಟು. ಉಳಿದಲ್ಲಿ ತೆಳುವಾದ ಮೂರು ತಂತಿಯಲ್ಲೇ ಕೆಲಸ ಮಾಡಲು ಈಗಿನಿಂದಲೇ ಅಭ್ಯಾಸ ಮಾಡು. ಮೊದಮೊದಲು ಕೈ ಬರಿದಾದಂತೆ ಅನಿಸುತ್ತದೆ. ಅನಿಸಲಿ.

ನೀನೇ ಕಳಿಸಿದ ಇಂಗ್ಲಿಷ್ ರೆಕಾರ್ಡಿಂಗುಗಳನ್ನು ಈ ಮಳೆಗಾಲದಲ್ಲಿ ಪುನಃ ಕೇಳಿದೆ. ಲಂಡನಿನ ಪೆಂಟಾಂಗಲ್ ತಂಡ, 1967ರದ್ದು. ಬರ್ಟ್ ಜಾನ್ಶ್, ಜಾನ್ ರೆನ್‌ಬೋರ್ನ್ ಎಂಬ ಇಬ್ಬರು ಗಿಟಾರಿನವರು, ಇಬ್ಬರದ್ದೂ ಬೆರಳಲ್ಲೇ ಮೀಟುವ ಕೈ. ನಡುವೆ ಡ್ಯಾನಿ ಥಾಂಪ್ಸನ್ ಡಬಲ್ ಬೇಸ್. ಇದೇ ಥಾಂಪ್ಸನ್ ಆಮೇಲೆ 1970ರ ದಶಕದಲ್ಲಿ ತನಗಿಂತ ಒಂಬತ್ತು ವರ್ಷ ಚಿಕ್ಕವನಾದ ಗಿಟಾರಿನ ಜಾನ್ ಮಾರ್ಟಿನ್ ಜೊತೆ ಊರೂರು ತಿರುಗಿದರು. (ಆ ಇಬ್ಬರ ಕುಡಿತದ ಕಥೆಗಳನ್ನೂ ನೀನು ಓದಿರಬಹುದು. ಆ ಪಾಠ ಬೇಡ.) ನನ್ನ ಕಿವಿಗೆ ಸಿಕ್ಕಿದ್ದು ಇಷ್ಟು: ಗಿಟಾರು ತಳವನ್ನು ಬಿಟ್ಟುಕೊಟ್ಟಲ್ಲೆಲ್ಲ ಬೇಸಿಗೆ ಧೈರ್ಯ ಬರುತ್ತದೆ. ಅದು ಬರೇ ತಳ ಹಿಡಿದು ಕೂರದೆ ಮೇಲೆ ಬಂದು ತಾನೂ ಹಾಡಲು ತೊಡಗುತ್ತದೆ. ಗಿಟಾರು ತುಂಬಿಕೊಂಡಿದ್ದರೆ ಎಂಥ ನುರಿತವರೂ ಮೊದಲ ಸ್ವರ ಹಾಕಿ ಸುಮ್ಮನಾಗಬೇಕಾಗುತ್ತದೆ. ಅಂಥವರನ್ನು ಮದ್ರಾಸಿನಿಂದ ಕರೆಸಿ ಸುಮ್ಮನೆ ನಿಲ್ಲಿಸಿದರೆ ನಷ್ಟ ಯಾರಿಗೆ?

ಯಕ್ಷಗಾನದ ಹಿಮ್ಮೇಳದಲ್ಲಿ ಮದ್ದಳೆ ಹಿಡಿದು ಕೂತವನಾದ್ದರಿಂದ ಇದನ್ನು ಹೇಳುತ್ತಿದ್ದೇನೆ. ಚೆಂಡೆಗೆ ಜನ ಎದ್ದು ಕೂರುತ್ತಾರೆ, ಭಾಗವತರ ಪದಕ್ಕೆ ಚಪ್ಪಾಳೆ ಬೀಳುತ್ತದೆ. ಮದ್ದಳೆ ಇದೆ ಎಂದು ಗೊತ್ತಾಗುವುದು ಅದು ನಿಂತಾಗ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದ ನಿನಗೆ ಎಳೆಯ ಭಾಗವತರಿಗೆ ಹಳೆಯ ಮದ್ದಳೆಗಾರರನ್ನು ಕೂರಿಸುವ ಕ್ರಮ ಹೊಸತಲ್ಲ. ಹುಡುಗ ವೇಷದ ಕುಣಿತಕ್ಕೆ ಮರುಳಾಗಿ ಕಾಲ ಏರಿಸಿದರೆ ಹಿರಿಯರು ಬಾಯಿ ತೆರೆಯುವುದಿಲ್ಲ. ಎಡಗೈಯ ಪೆಟ್ಟನ್ನು ತುಸು ಭಾರ ಮಾಡುತ್ತಾರೆ. ಬುದ್ಧಿ ಇದ್ದವನು ಅಷ್ಟಕ್ಕೇ ಇಳಿಯುತ್ತಾನೆ. ಬೇಸಿನವರೂ ನಿನಗೆ ಹಾಗೆಯೇ ಹೇಳಿಯಾರು. ಸಭೆಯ ಕಡೆ ನೋಡುತ್ತ ನಗುತ್ತ ನುಡಿಸಿದರೆ ನಿನಗದು ಕೇಳಿಸದು. ಅವರ ಬಲಗೈ ಕಾಣುವ ಹಾಗೆ ನಿಲ್ಲು.

ಶ್ರುತಿಯ ವಿಷಯದಲ್ಲಿ ಒಂದು ಕಿವಿಮಾತು. ನೀನು ಕೇಪೋ, ಅಂದರೆ ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು, ಹಾಕುವವನು. ಎರಡನೇ ಮನೆಗೆ (ಫ್ರೆಟ್ಟಿಗೆ) ಕೇಪೋ ಕಟ್ಟಿ ಹಾರ್ಮೋನಿಯಂ ಲೆಕ್ಕದ ಬಿಳಿ ಐದರ ಹಿಡಿತ ಹಿಡಿದರೆ ಕೇಳಿಸುವುದು ಬಿಳಿ ಆರು. ನಿನ್ನ ಎಡಗೈ ನೋಡಿ ಸ್ವರ ಊಹಿಸುವವರಿಗೆ ಅದು ಗುಂಡಿ ತೋಡಿದಂತೆ. ಆದ್ದರಿಂದ ಹಾಡು ಹಾಡಿಗೂ ಹಿಡಿತವನ್ನಲ್ಲ, ಕೇಳಿಸುವ ಶ್ರುತಿಯನ್ನು ಮೊದಲೇ ಹೇಳು. ಗಾಯಕಿಗೆ ಗಂಟಲು ಕಟ್ಟಿ ಒಂದು ಮನೆ ಇಳಿಸಬೇಕಾಗಿ ಬಂದರೆ ವೇದಿಕೆ ಹತ್ತುವ ಮುಂಚೆ ಹೇಳು, ಹತ್ತಿದ ಮೇಲಲ್ಲ.

ಇನ್ನೊಂದು, ನಿನ್ನ ವಾದ್ಯಕ್ಕೆ ಮನೆಗಳಿವೆ, ಬೇಸಿಗೆ ಇಲ್ಲ. ಗಿಟಾರಿನ ಅಂತರ ಗಾಂಧಾರ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟಿನಷ್ಟು (ಒಂದು ಮನೆಗೆ ನೂರು ಸೆಂಟು) ಮೇಲಿರುತ್ತದೆ. ಅದು ಮನೆ ಕಟ್ಟಿದ ಲೆಕ್ಕದ ಫಲ, ನಿನ್ನ ತಪ್ಪಲ್ಲ. ತತ್ವಪದ ಹಾಡುವವರು ಶ್ರುತಿಪೆಟ್ಟಿಗೆಗೆ ಕಿವಿಗೊಟ್ಟು ಗಾಂಧಾರದಲ್ಲಿ ನಿಂತುಬಿಟ್ಟರೆ ಬೇಸಿನವರು ಬೆರಳು ಕೂದಲಷ್ಟು ಸರಿಸಿ ಅಲ್ಲಿಗೆ ಹೋಗಿ ಸೇರುತ್ತಾರೆ. ನಿನಗೆ ಹೋಗಲಾಗದು. ಅಂಥ ಕಡೆ ಷಡ್ಜ ಪಂಚಮ ಹಿಡಿದು ಗಾಂಧಾರವನ್ನು ಬಿಟ್ಟುಬಿಡು.

ಸಭಾಂಗಣಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೆಕೆಂಡಿಗೆ 41 ಕಂಪನದ ಆ ಬೇಸಿನ ನಾದದ ಒಂದು ಅಲೆಯೇ 8 ಮೀಟರಿಗಿಂತ ಉದ್ದ. ನಮ್ಮ ಕಡೆಯ ಚಿಕ್ಕ ಸಭಾಭವನಗಳಲ್ಲಿ ಅದು ಮೂಲೆಯಲ್ಲಿ ಸೇರಿಕೊಂಡು ಮೊಳಗುತ್ತದೆ, ವೇದಿಕೆಯ ಮೇಲೆ ನಿನಗೆ ಮಾತ್ರ ಕೇಳಿಸುವುದಿಲ್ಲ. ‘ಬೇಸ್ ಜಾಸ್ತಿ ಮಾಡಿ’ ಎಂದು ಮೈಕಿನವನಿಗೆ ಕೂಗುವ ಮೊದಲು ಕೆಳಗಿಳಿದು ಹಿಂದಿನ ಸಾಲಿಗೆ ಹೋಗಿ ಕೇಳು.

ಉಳಿದದ್ದು ನಿನಗೆ ಗೊತ್ತಿರುವುದೇ. ವ್ಯಾನಿನ ಮುಂದಿನ ಸೀಟು ಬೇಸಿನವರಿಗೆ. ಊಟ ಹೊತ್ತಿಗೆ ಸರಿಯಾಗಿ ಆಗಲಿ. ಸಂಭಾವನೆಯ ಮಾತು ಅವರೆದುರು ಬೇಡ. ಹಾಡುಗಳ ನಡುವೆ ಪರಿಚಯ ಮಾಡುವಾಗ ಅವರ ಹೆಸರು ಮೊದಲು ಬರಲಿ, ‘ಬೇಸಿನಲ್ಲಿ’ ಎಂದು ಕೊನೆಗೆ ಗೊಣಗಿ ಮುಗಿಸಬೇಡ. ವಾದ್ಯ ಎತ್ತಲು ಹೋದರೆ ಮೊದಲು ಎಲ್ಲಿ ಹಿಡಿಯಬೇಕೆಂದು ಕೇಳು. ಸ್ವಂತ ವಾದ್ಯವನ್ನು ಬೇರೆಯವರು ಮುಟ್ಟುವುದು ಕೆಲವರಿಗೆ ಸರಿಬರುವುದಿಲ್ಲ, ನನಗೂ ಅಷ್ಟೆ. ಮಂಗಳೂರಿನ ಸೆಕೆಗೆ ಆ ಮರ ಉಬ್ಬಿ ತಂತಿ ಎತ್ತರವಾಗುತ್ತದೆ, ಎಸಿ ಹಾಲಿನಲ್ಲಿ ಒಣಗಿ ಅಂಟಿಸಿದ ಅಂಚು ಬಿಡುತ್ತದೆ. ಅವರು ಶ್ರುತಿ ಮಾಡಲು ಹೊತ್ತು ತೆಗೆದುಕೊಂಡರೆ ನೀನು ಅಲ್ಲಿಯವರೆಗೆ ಮೈಕಿನಲ್ಲಿ ತಮಾಷೆ ಮಾಡಬೇಡ.

ಕಾಸರಗೋಡಿನ ಕಾರ್ಯಕ್ರಮಕ್ಕೆ ನಾನೂ ಅತ್ತೆಯೂ ಬರುತ್ತೇವೆ. ಪಾಸು ಕಳಿಸಬೇಡ, ಟಿಕೆಟು ತೆಗೆದೇ ಬರುತ್ತೇವೆ. ಮರುದಿನ ರಜೆ ಇದ್ದರೆ ಬೇಸಿನವರನ್ನು ಮನೆಗೆ ಕರೆದುಕೊಂಡು ಬಾ. ಮೆಣಸು ಖಾರ ಆಗುತ್ತದೋ ಇಲ್ಲವೋ ಎಂದು ಮಾತ್ರ ಮೊದಲೇ ತಿಳಿಸು, ಅತ್ತೆ ಕೇಳಿದ್ದಾಳೆ.

ಇತಿ,
ನಿನ್ನ ಮಾವ