ಎಕ್ಸ್‌ಪೋರ್ಟ್‌ಗೆ ಬೇಕಾದ ಹಾರ್ಡ್‌ವೇರ್ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೆ,

ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಮುಂದಿನ ಆವೃತ್ತಿಯಿಂದ ನಮ್ಮ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಚ್‌ಇವಿಸಿ ಅಥವಾ ಎವಿ1 (ವಿಡಿಯೊವನ್ನು ಚಿಕ್ಕ ಫೈಲಾಗಿ ಕುಗ್ಗಿಸುವ ಎರಡು ಬಗೆಗಳು) ವಿಡಿಯೊ ಎಕ್ಸ್‌ಪೋರ್ಟ್ ಮಾಡಬೇಕಾದರೆ ನಿಮ್ಮ ಗ್ರಾಫಿಕ್ಸ್ ಚಿಪ್‌ನಲ್ಲಿ ಅದಕ್ಕೆಂದೇ ಇರುವ ಎನ್‌ಕೋಡರ್, ಅಂದರೆ ವಿಡಿಯೊ ಕುಗ್ಗಿಸಿ ಬರೆಯುವ ಭಾಗ, ಬೇಕು. ಪ್ರೊಸೆಸರ್ ಮೇಲೆ ಓಡುತ್ತಿದ್ದ ನಮ್ಮ ಎಚ್‌ಇವಿಸಿ ಎನ್‌ಕೋಡರನ್ನು ತೆಗೆಯುತ್ತಿದ್ದೇವೆ. ಪ್ರೊಸೆಸರಿಗೆ ಎವಿಎಕ್ಸ್2 (ಹಲವು ಲೆಕ್ಕಗಳನ್ನು ಒಟ್ಟಿಗೆ ಮಾಡಿಸುವ ಸೌಲಭ್ಯ) ಕಡ್ಡಾಯ. 4ಕೆ ಕೆಲಸಕ್ಕೆ ಕನಿಷ್ಠ 16 ಜಿಬಿ ರ‍್ಯಾಮ್, ಪ್ರತ್ಯೇಕ ಕಾರ್ಡ್ ಇದ್ದರೆ ಅದರಲ್ಲಿ 6 ಜಿಬಿ ಮೆಮೊರಿ. ಫುಲ್ ಎಚ್‌ಡಿಗೆ 8 ಜಿಬಿ ರ‍್ಯಾಮ್, ಕಾರ್ಡ್‌ನಲ್ಲಿ 2 ಜಿಬಿ ಸಾಕು.

ಎಚ್‌ಇವಿಸಿಗಿಂತ ಹಳೆಯ ಬಗೆಯಾದ ಎಚ್.264 ಹಾಗೇ ಇರುತ್ತದೆ. ಅದರ ಪ್ರೊಸೆಸರ್ ಎನ್‌ಕೋಡರ್ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಕೆಲಸ ಫುಲ್ ಎಚ್‌ಡಿ ಎಚ್.264 ಫೈಲ್ ಕೊಟ್ಟರೆ ಮುಗಿಯುವಂಥದ್ದಾದರೆ, ಪ್ರೊಸೆಸರಿನಲ್ಲಿ ಎವಿಎಕ್ಸ್2 ಇದೆಯೇ ಎಂದಷ್ಟೇ ನೋಡಿಕೊಳ್ಳಿ. ಇಂಟೆಲ್ ಕೋರ್ ಸರಣಿಯಲ್ಲಿ 2013ರ 4ನೇ ತಲೆಮಾರಿನಿಂದ ಅದು ಇದೆ, ಎಎಂಡಿಯ ರೈಜನ್‌ಗಳಲ್ಲಿ ಎಲ್ಲದರಲ್ಲೂ ಇದೆ. ಪೆಂಟಿಯಂ, ಸೆಲೆರಾನ್ ಹೆಸರಿನವು ಮಾತ್ರ ಅನುಮಾನ. 2013ರ ನಂತರ ಬಂದ ಹಲವು ಮಾದರಿಗಳಲ್ಲೂ ಅದು ಇರಲಿಲ್ಲ.

ಈ ಬದಲಾವಣೆಯಿಂದ ಕೆಲವರ ಕೆಲಸಕ್ಕೆ ತೊಂದರೆ ಆಗುತ್ತದೆ ಎಂಬುದು ನಮಗೆ ಗೊತ್ತು. ಅದಕ್ಕೆ ಮನಸಾರೆ ಕ್ಷಮೆ ಕೋರುತ್ತೇವೆ. ಆದರೆ ಕಾರ್ಡ್ ಮಾರುವವರ ಜೊತೆ ನಾವು ಕೈಜೋಡಿಸಿದ್ದೇವೆ ಎಂಬ ಮಾತನ್ನು ಒಪ್ಪಲಾರೆವು. ಯಾವ ಹಾರ್ಡ್‌ವೇರ್ ಕಂಪನಿಯಿಂದಲೂ ನಮಗೆ ಒಂದು ಕಾಸೂ ಬರುವುದಿಲ್ಲ. ಈ ಪತ್ರವನ್ನು ಪೂರ್ತಿ ಓದುವ ಮೊದಲು ಯಾರೂ ಹೊಸ ಕಾರ್ಡ್ ಕೊಳ್ಳಬೇಡಿ ಎಂಬುದೇ ನಮ್ಮ ವಿನಂತಿ.

ನಮಗೆ ಮತ್ತೆ ಮತ್ತೆ ಬರುವ ದೂರು ಒಂದೇ. "ಟೈಮ್‌ಲೈನ್‌ನಲ್ಲಿ ವಿಡಿಯೊ ಸರಾಗವಾಗಿ ಓಡುತ್ತದೆ. ಎಕ್ಸ್‌ಪೋರ್ಟ್ ಕೊಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ಅಂದಮೇಲೆ ತಪ್ಪು ನಿಮ್ಮ ಸಾಫ್ಟ್‌ವೇರ್‌ನದ್ದೇ." ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು.

ಪ್ರಿವ್ಯೂ ಓಡುವಾಗ ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವುದು 40 ಮಿಲಿಸೆಕೆಂಡ್. ಒಂದು ಫ್ರೇಮ್‌ಗೆ 55 ಮಿಲಿಸೆಕೆಂಡ್ ಹಿಡಿದರೆ ಪ್ರಿವ್ಯೂ ಸದ್ದಿಲ್ಲದೆ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಎಕ್ಸ್‌ಪೋರ್ಟ್ ಒಂದು ಫ್ರೇಮನ್ನೂ ಬಿಡುವಂತಿಲ್ಲ. ಇದರಿಂದ ಬರೀ ನಿಧಾನವಾಗುತ್ತದೆ, ನಿಂತುಹೋಗುವುದಿಲ್ಲ. ನಿಲ್ಲಿಸುವುದು ಮೆಮೊರಿ.

4ಕೆಯ ಒಂದು ಫ್ರೇಮ್‌ನಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಬಣ್ಣ ಕೆಡದಂತೆ ಎಫೆಕ್ಟ್ ಹಾಕಲು ನಾವು ಪ್ರತಿ ಪಿಕ್ಸೆಲ್‌ಗೆ 16 ಬೈಟ್ ಬಳಸುತ್ತೇವೆ. ಒಂದೇ ಫ್ರೇಮ್ ಸುಮಾರು 133 ಎಂಬಿ ಆಯಿತು. ಡಿಸಾಲ್ವ್ (ಒಂದು ದೃಶ್ಯ ಕರಗಿ ಇನ್ನೊಂದು ಮೂಡುವುದು) ಇದ್ದರೆ ಎರಡು ಮೂಲ ಫ್ರೇಮ್, ಒಂದು ಫಲಿತಾಂಶ, ಒಟ್ಟು 400 ಎಂಬಿ. ಹಿಂದು ಮುಂದಿನ 5 ಫ್ರೇಮ್ ಹೋಲಿಸಿ ನಾಯ್ಸ್ ತೆಗೆಯುವ ಎಫೆಕ್ಟ್‌ಗೆ 660 ಎಂಬಿಗೂ ಹೆಚ್ಚು. ಎನ್‌ಕೋಡರ್ ತನ್ನ ಲೆಕ್ಕಾಚಾರಕ್ಕೆಂದು ಇನ್ನಷ್ಟು ಫ್ರೇಮ್ ಹಿಡಿದಿಟ್ಟುಕೊಳ್ಳುತ್ತದೆ. ಪರದೆ, ಬ್ರೌಸರ್ ಇವೂ ಅದೇ ಕಾರ್ಡ್‌ನ ಮೆಮೊರಿ ತಿನ್ನುತ್ತಿರುತ್ತವೆ. ಪ್ರಿವ್ಯೂ ಅರ್ಧ ರೆಸಲ್ಯೂಷನ್‌ನಲ್ಲಿ ಓಡುವಾಗ ಇದೇ ಫ್ರೇಮ್ 33 ಎಂಬಿ ಮಾತ್ರ. ಉದ್ದ ಅಗಲ ಎರಡೂ ಅರ್ಧವಾದರೆ ಪಿಕ್ಸೆಲ್ ಕಾಲುಭಾಗಕ್ಕೆ ಇಳಿಯುತ್ತದೆ. ಪ್ರಿವ್ಯೂ ಬದುಕುವುದು, ಎಕ್ಸ್‌ಪೋರ್ಟ್ ಸಾಯುವುದು ಈ ನಾಲ್ಕು ಪಟ್ಟಿನ ಅಂತರದಲ್ಲಿ.

ಹಾಗಾಗಿ ಪ್ರತಿ ಸಲವೂ ಒಂದೇ ಶೇಕಡಾವಾರಿನಲ್ಲಿ ನಿಲ್ಲುತ್ತಿದ್ದರೆ ಆ ಜಾಗವನ್ನು ಹುಡುಕಿ. 20 ನಿಮಿಷದ ಟೈಮ್‌ಲೈನ್ ಶೇ 62ರಲ್ಲಿ ನಿಂತರೆ ಅದು 12 ನಿಮಿಷ 24 ಸೆಕೆಂಡಿನ ಆಸುಪಾಸು. ಬಹಳ ಸಲ ಅಲ್ಲಿ ಸಿಗುವುದು ಒಂದು ಸ್ಥಿರಚಿತ್ರ. ಫೋನಿನಲ್ಲಿ ತೆಗೆದ 48 ಮೆಗಾಪಿಕ್ಸೆಲ್ ಫೋಟೊ 8000 × 6000 ಗಾತ್ರದ್ದು. ಡಿಸ್ಕ್‌ನಲ್ಲಿ ಕೆಲವೇ ಎಂಬಿ ಇರುವ ಆ ಜೆಪೆಗ್, ಬಿಡಿಸಿ ಮೆಮೊರಿಗೆ ಹಾಕಿದಾಗ 768 ಎಂಬಿ ಆಗುತ್ತದೆ. ಅಂಥ ಎರಡು ಫೋಟೊಗಳ ನಡುವೆ ಡಿಸಾಲ್ವ್ ಹಾಕಿದರೆ 4 ಜಿಬಿ ಕಾರ್ಡ್ ಏದುಸಿರು ಬಿಡುತ್ತದೆ. ಜೂಮ್ ಮಾಡುವುದಿಲ್ಲವಾದರೆ ಫೋಟೊವನ್ನು 3840 ಪಿಕ್ಸೆಲ್ ಅಗಲಕ್ಕೆ ಇಳಿಸಿ ಮತ್ತೆ ಸೇರಿಸಿ. ಹೊಸ ಕಾರ್ಡ್ ಬೇಕೇ ಬೇಕು ಎಂದುಕೊಂಡಿದ್ದ ಎಷ್ಟೋ ಪ್ರಾಜೆಕ್ಟ್‌ಗಳು ಇಷ್ಟರಿಂದಲೇ ಮುಗಿಯುತ್ತವೆ. ನಿಲ್ಲುವ ಜಾಗ ಪ್ರತಿ ಸಲ ಬೇರೆ ಬೇರೆ ಆಗಿದ್ದರೆ ಮಾತ್ರ ಬಿಸಿ, ವಿದ್ಯುತ್ ಅಥವಾ ಡ್ರೈವರ್ ಕಡೆ ಗಮನ ಕೊಡಿ.

ಇನ್ನು ಯಾವ ಚಿಪ್‌ನಲ್ಲಿ ಏನಿದೆ ಎಂಬುದು. ಹಾರ್ಡ್‌ವೇರ್ ಎನ್‌ಕೋಡರ್ ಎನ್ನುವುದು ಚಿಪ್‌ನೊಳಗೆ ಪ್ರತ್ಯೇಕವಾಗಿರುವ ಒಂದು ಸಣ್ಣ ಭಾಗ. ಕಾರ್ಡ್ ಎಷ್ಟು ದೊಡ್ಡದು ಎಂಬುದಕ್ಕಿಂತ ಯಾವ ತಲೆಮಾರಿನದು ಎಂಬುದೇ ಇಲ್ಲಿ ಮುಖ್ಯ. ಇಂಟೆಲ್‌ನ ಎನ್‌ಕೋಡರ್ ಕ್ವಿಕ್ ಸಿಂಕ್ 2011ರಲ್ಲೇ ಬಂತು, ಆದರೆ ಎಚ್‌ಇವಿಸಿ ಎನ್‌ಕೋಡ್ ಸೇರಿದ್ದು 2015ರ 6ನೇ ತಲೆಮಾರಿನಲ್ಲಿ, 10 ಬಿಟ್ (8 ಬಿಟ್‌ಗಿಂತ ಹೆಚ್ಚು ಬಣ್ಣದ ಮಟ್ಟಗಳಿರುವ) ಎಚ್‌ಇವಿಸಿ 7ನೆಯದರಲ್ಲಿ. ಎನ್ವಿಡಿಯಾದ ಎನ್‌ಕೋಡರ್ ಎನ್‌ವಿಇಎನ್‌ಸಿ 2012ರದ್ದು. 10 ಬಿಟ್ ಎಚ್‌ಇವಿಸಿಗೆ 2016ರ ಜಿಟಿಎಕ್ಸ್ 10 ಸರಣಿ ಬೇಕು. ಎವಿ1 ಎನ್‌ಕೋಡ್ ಮಾತ್ರ ಇತ್ತೀಚಿನದು: 2022ರಲ್ಲಿ ಬಂದ ಇಂಟೆಲ್ ಆರ್ಕ್, ಆರ್‌ಟಿಎಕ್ಸ್ 40 ಸರಣಿ, ಎಎಂಡಿಯ ಆರ್‌ಎಕ್ಸ್ 7000 ಸರಣಿಯಿಂದ ಈಚೆಗೆ. ಆರ್‌ಟಿಎಕ್ಸ್ 30 ಸರಣಿ ಎವಿ1 ಫೈಲನ್ನು ಓದುತ್ತದೆ, ಬರೆಯುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕೊಂಡು ಬೇಸರಪಡುವವರೇ ಹೆಚ್ಚು.

ಹಳ್ಳಕ್ಕೆ ಬೀಳುವ ಜಾಗಗಳು ಇನ್ನೂ ಇವೆ. ಜಿಟಿ 1030 ಕಾರ್ಡ್‌ನಲ್ಲಿ ಎನ್‌ಕೋಡರೇ ಇಲ್ಲ. ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ 2022ರ ಕಾರ್ಡ್‌ಗಳಾದರೂ ಅವುಗಳಲ್ಲೂ ಇಲ್ಲ. ಹೆಸರಿನ ಕೊನೆಗೆ ಎಫ್ ಅಕ್ಷರ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಸಿಗುವುದಿಲ್ಲ. ಕೆಲವು ಲ್ಯಾಪ್‌ಟಾಪ್ ಮಾದರಿಗಳಲ್ಲಿ ಚಿಪ್‌ಗೆ ಸಾಮರ್ಥ್ಯವಿದ್ದರೂ ತಯಾರಕರೇ ಎಚ್‌ಇವಿಸಿಯನ್ನು ಮುಚ್ಚಿ ಕಳಿಸುತ್ತಾರೆ. ಕೊಳ್ಳುವ ಮೊದಲು ಮಾದರಿಯ ವಿವರಪಟ್ಟಿ ಓದಿ. ಕ್ಯಾಮೆರಾದಿಂದ ಬರುವುದು 4:2:2 (ಬಣ್ಣದ ವಿವರವನ್ನು ಹೆಚ್ಚು ಉಳಿಸುವ) 10 ಬಿಟ್ ಎಚ್‌ಇವಿಸಿ ಆದರೆ ಅದನ್ನು ಓದುವುದೇ ಭಾರ. ಡೆಸ್ಕ್‌ಟಾಪ್‌ಗಳಲ್ಲಿ ಇಂಟೆಲ್‌ನ 11ನೇ ತಲೆಮಾರಿನಿಂದ, ಎನ್ವಿಡಿಯಾದಲ್ಲಿ 2025ರ ಆರ್‌ಟಿಎಕ್ಸ್ 50 ಸರಣಿಯಿಂದಷ್ಟೇ ಇದು ಹಾರ್ಡ್‌ವೇರ್‌ನಲ್ಲಿ ಆಗುತ್ತದೆ. ಅಂಥ ಫೈಲ್‌ಗಳ ಎಕ್ಸ್‌ಪೋರ್ಟ್ ನಿಧಾನವಾದಾಗ ಎಲ್ಲರೂ ಎನ್‌ಕೋಡರನ್ನು ದೂರುತ್ತಾರೆ, ತಡವಾಗುವುದು ಡಿಕೋಡ್‌ನಲ್ಲಿ, ಅಂದರೆ ಫೈಲನ್ನು ಬಿಡಿಸಿ ಓದುವಲ್ಲಿ.

ನಿಮ್ಮ ಯಂತ್ರವನ್ನು ಪರೀಕ್ಷಿಸಲು ಐದು ನಿಮಿಷ ಸಾಕು. ಈಗಿನ ಆವೃತ್ತಿಯಲ್ಲೇ ಒಂದು ನಿಮಿಷದ ಟೈಮ್‌ಲೈನನ್ನು ಹಾರ್ಡ್‌ವೇರ್ ಆಯ್ಕೆ ಹಾಕಿ ಎಚ್‌ಇವಿಸಿಗೆ ಎಕ್ಸ್‌ಪೋರ್ಟ್ ಕೊಡಿ. ಅದು ಓಡುತ್ತಿರುವಾಗ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಆರಿಸಿ, ಸಣ್ಣ ಗ್ರಾಫ್‌ಗಳಲ್ಲೊಂದನ್ನು ವಿಡಿಯೊ ಎನ್‌ಕೋಡ್‌ಗೆ ಬದಲಿಸಿ. ಹೊಸ ಎಎಂಡಿ ಚಿಪ್‌ಗಳಲ್ಲಿ ಅದರ ಹೆಸರು ವಿಡಿಯೊ ಕೋಡೆಕ್ ಎಂದಿರುತ್ತದೆ. ಗೆರೆ ಮೇಲೇರಿದರೆ ನಿಮಗೆ ಈ ಬದಲಾವಣೆಯಿಂದ ಏನೂ ಆಗುವುದಿಲ್ಲ. ಗೆರೆ ಸೊನ್ನೆಯಲ್ಲೇ ಇದ್ದು ಪ್ರೊಸೆಸರ್ ನೂರಕ್ಕೆ ಮುಟ್ಟಿದ್ದರೆ ಇದುವರೆಗೂ ನಿಮ್ಮ ಎಕ್ಸ್‌ಪೋರ್ಟ್ ಪ್ರೊಸೆಸರ್ ಮೇಲೇ ನಡೆಯುತ್ತಿತ್ತು ಎಂದರ್ಥ. ಹಾರ್ಡ್‌ವೇರ್ ಸಿಗದಿದ್ದಾಗ ಈಗಿನ ಆವೃತ್ತಿ ಹೇಳದೆಯೇ ಪ್ರೊಸೆಸರಿಗೆ ಹೊರಳುತ್ತದೆ. ಹೊಸದರಲ್ಲಿ ಹಾಗಾಗುವುದಿಲ್ಲ, ಯಾವ ಚಿಪ್ ಸಿಕ್ಕಿತು, ಅದರಲ್ಲಿ ಏನು ಇಲ್ಲ ಎಂದು ಹೆಸರಿಸಿಯೇ ನಿಲ್ಲುತ್ತದೆ.

ಗೆರೆ ಏರಲಿಲ್ಲವೆಂದು ಕೂಡಲೇ ಅಂಗಡಿಗೆ ಹೋಗಬೇಕಿಲ್ಲ. ಡೆಸ್ಕ್‌ಟಾಪ್‌ಗೆ ಪ್ರತ್ಯೇಕ ಕಾರ್ಡ್ ಹಾಕಿದಾಗ ಹಲವು ಮದರ್‌ಬೋರ್ಡ್‌ಗಳು ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ಆಫ್ ಮಾಡಿಬಿಡುತ್ತವೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಅದನ್ನು ಮತ್ತೆ ಚಾಲೂ ಮಾಡುವ ಆಯ್ಕೆ ಇರುತ್ತದೆ, ಸಾಮಾನ್ಯವಾಗಿ ಐಜಿಪಿಯು ಅಥವಾ ಮಲ್ಟಿ ಮಾನಿಟರ್ ಎಂಬ ಹೆಸರಲ್ಲಿ. ಚಾಲೂ ಮಾಡಿ, ಇಂಟೆಲ್ ಡ್ರೈವರ್ ಹಾಕಿದರೆ ಹಳೆ ಕಾರ್ಡ್ ಜೊತೆಗೇ ಕ್ವಿಕ್ ಸಿಂಕ್ ಸಿಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಹೋಗಿ ನಮ್ಮ ಸಾಫ್ಟ್‌ವೇರ್‌ಗೆ ಹೈ ಪರ್ಫಾರ್ಮೆನ್ಸ್ ಆರಿಸಿ, ಚಾರ್ಜರ್ ಹಾಕಿಯೇ ಎಕ್ಸ್‌ಪೋರ್ಟ್ ಕೊಡಿ. ಬ್ಯಾಟರಿ ಮೇಲಿದ್ದಾಗ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಪ್ರೊಸೆಸರ್ ಎಚ್‌ಇವಿಸಿಯನ್ನು ಇನ್ನಷ್ಟು ದಿನ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುತ್ತೀರಿ. ಖರ್ಚಿನ ಮಾತು ಬರುವುದು ಇಲ್ಲೇ, ಮತ್ತು ನಮ್ಮ ಮೇಲೆ ಅನ್ಯಾಯವಾಗಿ ಆರೋಪ ಬೀಳುವುದೂ ಇಲ್ಲೇ. ಎಚ್‌ಇವಿಸಿ 2013ರಲ್ಲಿ ಬಂದ ಮಾನದಂಡ. ಅದರ ಪೇಟೆಂಟ್‌ಗಳು ಒಂದು ಕಡೆ ಇಲ್ಲ. ಒಂದಕ್ಕಿಂತ ಹೆಚ್ಚು ಪರವಾನಗಿ ಒಕ್ಕೂಟಗಳಿವೆ, ಯಾವ ಒಕ್ಕೂಟಕ್ಕೂ ಸೇರದ ಮಾಲೀಕರೂ ಇದ್ದಾರೆ. ನಮ್ಮ ಪೆಟ್ಟಿಗೆಯೊಳಗೇ ಎನ್‌ಕೋಡರ್ ಇಟ್ಟು ಕೊಟ್ಟರೆ ಆ ಲೆಕ್ಕವೆಲ್ಲ ಮಾರುವ ಪ್ರತಿಯೊಂದು ಪ್ರತಿಯ ಮೇಲೂ ನಮಗೆ ಬೀಳುತ್ತದೆ, ನೀವು ಎಚ್‌ಇವಿಸಿ ಬಳಸಿದರೂ ಬಳಸದಿದ್ದರೂ. ಅದರ ಜೊತೆಗೆ ಪರೀಕ್ಷೆ. ಮೂರು ಕಂಪನಿಗಳ ಚಿಪ್, ಒಂದೊಂದರಲ್ಲಿ ಹಲವು ತಲೆಮಾರು, 8 ಬಿಟ್ ಮತ್ತು 10 ಬಿಟ್, ಮೇಲೆ ಪ್ರೊಸೆಸರ್ ದಾರಿ. ಒಂದು ಡ್ರೈವರ್ ಬದಲಾದರೆ ಇವೆಲ್ಲವನ್ನೂ ಮತ್ತೆ ಮೊದಲಿಂದ ಓಡಿಸಿ ನೋಡಬೇಕು. ನಮ್ಮಂಥ ಸಣ್ಣ ತಂಡಕ್ಕೆ ಇದು ಮೂಗಿಗಿಂತ ಮೂಗುತಿ ಭಾರ ಆಗಿತ್ತು. ಬೆಲೆ ಏರಿಸಿ ಎಲ್ಲರ ಮೇಲೂ ಹಾಕುವುದು ಒಂದು ದಾರಿ, ಕಡಿಮೆ ಬಳಕೆಯ ಭಾಗವನ್ನು ತೆಗೆಯುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡೆವು. ನಿಮ್ಮ ಲೈಸೆನ್ಸ್ ಬೆಲೆ ಬದಲಾಗುವುದಿಲ್ಲ.

ಪ್ರೊಸೆಸರ್ ದಾರಿಯಲ್ಲಿ ವೇಗವೂ ಇರಲಿಲ್ಲ ಎಂಬುದನ್ನು ನೆನಪಿಸಬೇಕು. ಹಳೆಯ ನಾಲ್ಕು ಕೋರ್ ಯಂತ್ರದಲ್ಲಿ 4ಕೆ ಎಚ್‌ಇವಿಸಿ ನಿಧಾನ ಪ್ರಿಸೆಟ್‌ನಲ್ಲಿ ಸೆಕೆಂಡಿಗೆ 2 ಫ್ರೇಮ್ ಓಡಿತೆಂದುಕೊಳ್ಳಿ. 10 ನಿಮಿಷದ ವಿಡಿಯೊದಲ್ಲಿ 15,000 ಫ್ರೇಮ್, ಅಂದರೆ ಎರಡು ತಾಸಿಗೂ ಹೆಚ್ಚು. ಇಡೀ ವಿಡಿಯೊವನ್ನು ಎರಡು ಸಲ ಓಡಿಸುವ ಟೂ ಪಾಸ್ ಹಾಕಿದರೆ ಹೆಚ್ಚುಕಡಿಮೆ ಇಮ್ಮಡಿ. ಅಷ್ಟು ಹೊತ್ತು ಪೂರ್ತಿ ಬಿಸಿಯಲ್ಲಿ ಓಡುವ ಲ್ಯಾಪ್‌ಟಾಪ್ ಕೊನೆಗೆ ಇನ್ನೂ ನಿಧಾನವಾಗುತ್ತದೆ.

ಗುಣಮಟ್ಟದ ಬಗ್ಗೆ ಕೇಳಿದವರ ಮಾತು ನಿಜ. ಒಂದೇ ಬಿಟ್‌ರೇಟ್‌ನಲ್ಲಿ (ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ಡೇಟಾ) ಪ್ರೊಸೆಸರಿನ ನಿಧಾನ ಪ್ರಿಸೆಟ್ ಹಾರ್ಡ್‌ವೇರ್‌ಗಿಂತ ಚೆನ್ನಾಗಿ ಕಾಣುತ್ತದೆ, ಅದರಲ್ಲೂ ನೀರು, ಎಲೆ, ಹೊಗೆ ಇರುವ ದೃಶ್ಯಗಳಲ್ಲಿ. 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಕೊಡುತ್ತಿದ್ದ ಕಡೆ 12 ಕೊಟ್ಟು ನೋಡಿ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಫೈಲ್ ಗಾತ್ರ ಎಂಬಿಯಲ್ಲಿ ಸಿಗುತ್ತದೆ: 10 ನಿಮಿಷಕ್ಕೆ 600 ಎಂಬಿ ಇದ್ದದ್ದು 900 ಆಗುತ್ತದೆ. ಈ 300 ಎಂಬಿ ಕೊಟ್ಟು ತಾಸುಗಳನ್ನು ಉಳಿಸಿಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. 10 ಬಿಟ್‌ನಲ್ಲಿ ಕೊಟ್ಟರೆ ಆಕಾಶದಂಥ ನಯವಾದ ಬಣ್ಣಗಳಲ್ಲಿ ಪಟ್ಟೆ ಬೀಳುವುದೂ ಕಡಿಮೆಯಾಗುತ್ತದೆ.

ಹಾರ್ಡ್‌ವೇರ್‌ಗೆ ಸಂಬಂಧವೇ ಇಲ್ಲದ ಒಂದು ತೊಂದರೆಯೂ ನಮ್ಮ ತಲೆಗೇ ಬರುತ್ತದೆ. ಪೆನ್ ಡ್ರೈವ್‌ಗೆ ನೇರವಾಗಿ ಎಕ್ಸ್‌ಪೋರ್ಟ್ ಕೊಟ್ಟಾಗ, ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ, ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 40 ಎಂಬಿಪಿಎಸ್‌ನಲ್ಲಿ ಅದು 14 ನಿಮಿಷದ ಸುಮಾರಿಗೆ ನಿಲ್ಲುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಅಥವಾ ಒಳಗಿನ ಡಿಸ್ಕ್‌ಗೆ ಎಕ್ಸ್‌ಪೋರ್ಟ್ ಮಾಡಿ ಆಮೇಲೆ ನಕಲಿಸಿ. ವೇಗದ ಎಸ್‌ಎಸ್‌ಡಿ ಇದ್ದರೆ ಅದನ್ನು ಮೂಲ ಫೈಲ್‌ಗಳಿಗೆ ಕೊಡಿ. 40 ಎಂಬಿಪಿಎಸ್ ಬರೆಯಲು ಸೆಕೆಂಡಿಗೆ 5 ಎಂಬಿ ಸಾಕು, ಅದನ್ನು ಹಳೆ ಹಾರ್ಡ್ ಡಿಸ್ಕೂ ಮಾಡುತ್ತದೆ.

ಎನ್‌ಕೋಡರ್ ಇಲ್ಲದ ಯಂತ್ರವನ್ನು ಈಗಲೇ ಬದಲಿಸಲಾಗದವರನ್ನು ನಾವು ಕೈಬಿಡುವುದಿಲ್ಲ. ಈಗಿನ ಆವೃತ್ತಿ ಡೌನ್‌ಲೋಡ್‌ಗೆ ಸಿಗುತ್ತಲೇ ಇರುತ್ತದೆ, ನಿಮ್ಮ ಲೈಸೆನ್ಸ್ ಕೀ ಅದಕ್ಕೂ ನಡೆಯುತ್ತದೆ, ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದು. ಆದರೆ ಹೊಸದರಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ. ತೆರೆಯುವ ಮೊದಲು ಪ್ರಾಜೆಕ್ಟ್ ಫೈಲಿನ ನಕಲು ಇಟ್ಟುಕೊಳ್ಳಿ, ಇದನ್ನು ಮರೆಯಬೇಡಿ.

ಇಷ್ಟಾದರೂ ಎಕ್ಸ್‌ಪೋರ್ಟ್ ನಿಂತರೆ, ಚಿಪ್‌ನ ಹೆಸರು, ಡ್ರೈವರ್ ಆವೃತ್ತಿ, ಮೂಲ ಫೈಲಿನ ಕೋಡೆಕ್, ನಿಂತ ಶೇಕಡಾವಾರು, ಈ ನಾಲ್ಕನ್ನು ಬರೆದು ಎಕ್ಸ್‌ಪೋರ್ಟ್ ಲಾಗ್ ಜೊತೆ ಕಳಿಸಿ. ಎಕ್ಸ್‌ಪೋರ್ಟ್ ಭಾಗವನ್ನು ಬರೆಯುವವರೇ ಅದನ್ನು ಓದಿ ನಿಮಗೆ ಉತ್ತರಿಸುತ್ತಾರೆ. ಕೊಳ್ಳಬೇಕೆಂದಿರುವ ಕಾರ್ಡ್ ಯಾವುದೆಂದು ಮೊದಲೇ ತಿಳಿಸಿದರೆ, ನಿಮ್ಮ ಕೆಲಸಕ್ಕೆ ಅದು ಬೇಕೋ ಬೇಡವೋ ಎಂದು ನೇರವಾಗಿಯೇ ಹೇಳುತ್ತೇವೆ.

ವಿಶ್ವಾಸದೊಂದಿಗೆ,
ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ತಂಡ